ಕರಿಬೇವಿಗೆ ಬಿಸಿಲು, ಒಂದೆಲಗಕ್ಕೆ ಕೆಸರು: ಎರಡನ್ನೂ ಒಂದೇ ಮನೇಲಿ ಬೆಳೆಸೋದು ಹೇಗೆ

ನರ್ಸರಿಗೆ ಹೋದೋರು ಅಡುಗೆಗೆ ಆಗುತ್ತೆ ಅಂತ ಒಂದು ಕರಿಬೇವು, ಮಕ್ಕಳಿಗೆ ಒಳ್ಳೇದು ಅಂತ ಒಂದು ಒಂದೆಲಗ, ಎರಡನ್ನೂ ಒಟ್ಟಿಗೆ ತಗೊಂಡು ಬರ್ತಾರೆ. ಬಂದು ಒಂದೇ ಸೈಜಿನ ಎರಡು ಕುಂಡಕ್ಕೆ ಒಂದೇ ಮಣ್ಣು ತುಂಬಿ, ಬಾಲ್ಕನೀಲಿ ಪಕ್ಕಪಕ್ಕ ಇಟ್ಟು, ಬೆಳಿಗ್ಗೆ ಎದ್ದು ಎರಡಕ್ಕೂ ಒಂದೊಂದು ಚೊಂಬು ನೀರು ಹಾಕ್ತಾರೆ. ಸ್ವಲ್ಪ ದಿನದಲ್ಲೇ ಎರಡರಲ್ಲಿ ಒಂದು ಹೋಗಿರುತ್ತೆ. ಯಾವುದು ಹೋಗುತ್ತೆ ಅನ್ನೋದು ಆ ಬಾಲ್ಕನಿಗೆ ಬೀಳೋ ಬಿಸಿಲಿನ ಮೇಲೆ, ಬಿಸಿಲು ಜೋರಾಗಿದ್ರೆ ಒಂದೆಲಗ ಸುಟ್ಟು ಹೋಗುತ್ತೆ, ನೆರಳಿದ್ರೆ ಕರಿಬೇವಿನ ಬೇರು ಕೊಳೆಯುತ್ತೆ. ಆಮೇಲೆ "ನಮ್ಮ ಕೈಗುಣ ಸರಿಯಿಲ್ಲ" ಅಂತ ಬೇಜಾರು ಮಾಡ್ಕೊಳ್ತಾರೆ. ಕೈಗುಣದ ಮಾತೇ ಇಲ್ಲ ಇಲ್ಲಿ. ಒಂದು ಮರ ಆಗೋ ಜಾತಿ, ಇನ್ನೊಂದು ಗದ್ದೆ ಬದುವಿನ ಮೇಲೆ ಹಬ್ಬೋ ಜಾತಿ, ಎರಡಕ್ಕೂ ಒಂದೇ ಟೈಮ್ ಟೇಬಲ್ ಹಾಕಿದ್ರೆ ಯಾರ ಮನೇಲೂ ನಡೆಯಲ್ಲ.

ಕರಿಬೇವು ನಿಂಬೆ, ಕಿತ್ತಳೆ ಕುಟುಂಬದ್ದು. ನೆಲದಲ್ಲಿ ಹಾಕಿದ್ರೆ ಆಳಾಗಿ ಬೇರು ಬಿಟ್ಟು ಸಣ್ಣ ಮರವೇ ಆಗುತ್ತೆ, ವರ್ಷಗಟ್ಟಲೆ ಬದುಕುತ್ತೆ, ಒಂದು ಸಲ ಊರಿಕೊಂಡ್ರೆ ಬೇಸಿಗೇಲಿ ನೀರು ಸ್ವಲ್ಪ ತಡ ಆದ್ರೂ ತಲೆ ಕೆಡಿಸ್ಕೊಳ್ಳಲ್ಲ. ಒಂದೆಲಗ ಕೊತ್ತಂಬರಿ, ಕ್ಯಾರೆಟ್ ಕುಟುಂಬದ್ದು. ಅದಕ್ಕೆ ಎದ್ದು ನಿಲ್ಲೋ ಕಾಂಡವೇ ಇಲ್ಲ. ನೆಲಕ್ಕೆ ಅಂಟಿಕೊಂಡು ಹಂಬು ಓಡುತ್ತೆ, ಗಿಣ್ಣು ಗಿಣ್ಣಿಗೆ ಬೇರು ಬಿಡುತ್ತೆ, ಆ ಗಿಣ್ಣಿಂದಲೇ ತೊಟ್ಟು ಎದ್ದು ಅದರ ತುದೀಲಿ ಒಂದೊಂದು ಎಲೆ. ಮಲೆನಾಡಲ್ಲಿ ಅಡಿಕೆ ತೋಟದ ಕಾಲುವೆ ಅಂಚು, ಬಾವಿಕಟ್ಟೆ ಸುತ್ತ, ಬಚ್ಚಲು ನೀರು ಹರಿಯೋ ಜಾಗ, ಎಲ್ಲಿ ಒದ್ದೆ ಇದೆಯೋ ಅಲ್ಲಿ ಯಾರೂ ಹಾಕದೇ ಬಂದಿರುತ್ತೆ. ಮಂಗಳೂರು ಕಡೆ ತಿಮರೆ ಅಂತಾರೆ, ಮಲೆನಾಡಲ್ಲಿ ಕೆಲವರು ಉರಗೆ ಅಂತಾರೆ, ಎಲ್ಲಾ ಇದೇ.

ಮೊದಲು ಜಾಗ ನೋಡಿ, ಆಮೇಲೆ ಗಿಡ

ಕರಿಬೇವಿಗೆ ದಿನಕ್ಕೆ 5-6 ಗಂಟೆ ನೇರ ಬಿಸಿಲು ಬೇಕು. ಬೆಳಕು ಬೇರೆ, ಬಿಸಿಲು ಬೇರೆ. "ನಮ್ಮ ಬಾಲ್ಕನಿ ತುಂಬಾ ಬೆಳಕಾಗಿದೆ" ಅಂತಾರೆ, ಆದ್ರೆ ಎದುರಿಗೆ ಇನ್ನೊಂದು ಅಪಾರ್ಟ್‌ಮೆಂಟ್ ನಿಂತಿರುತ್ತೆ, ಬಿಸಿಲು ಬೀಳೋದು ಬೆಳಿಗ್ಗೆ ಒಂದು ಗಂಟೆ ಅಷ್ಟೇ. ಅಂಥಾ ಜಾಗದಲ್ಲಿ ನೀರು ಜಾಸ್ತಿ ಹಾಕದಿದ್ರೆ ಕರಿಬೇವು ಸಾಯಲ್ಲ, ಆದ್ರೆ ಬೆಳೆಯೋದೂ ಇಲ್ಲ. ಒಂದೇ ಕಡ್ಡಿ ಉದ್ದಕ್ಕೆ ಹೋಗಿ ತುದೀಲಿ ನಾಲ್ಕು ಎಸಳು ಇಟ್ಕೊಂಡು ನಿಂತಿರುತ್ತೆ. ಟೆರೇಸ್ ಇದ್ರೆ ಟೆರೇಸಿಗೆ ಹಾಕಿ, ಮನೆ ಮುಂದೆ ಎರಡಡಿ ಮಣ್ಣಿದ್ರೆ ಕುಂಡದ ಸಹವಾಸವೇ ಬೇಡ, ನೆಲಕ್ಕೇ ಹಾಕಿಬಿಡಿ.

ಒಂದೆಲಗ ಉಲ್ಟಾ. ಆ ಒಂದು ಗಂಟೆ ಬಿಸಿಲಿನ ಬಾಲ್ಕನಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ಇದರಲ್ಲಿ ಒಂದು ಮಜಾ ಇದೆ, ಎಲೆ ನೋಡಿದ್ರೇನೇ ಜಾಗ ಸರಿ ಇದೆಯೋ ಇಲ್ವೋ ಗೊತ್ತಾಗುತ್ತೆ. ಬಿಸಿಲು ಜಾಸ್ತಿ ಆದ್ರೆ ಎಲೆ ಚಿಕ್ಕದಾಗಿ ದಪ್ಪ ಆಗುತ್ತೆ, ತೊಟ್ಟು ಗಿಡ್ಡ ಆಗಿ ಕೆಂಪು ಬಣ್ಣ ತಿರುಗುತ್ತೆ, ತಿಂದ್ರೆ ಕಹಿ ಜಾಸ್ತಿ. ನೆರಳು ಜಾಸ್ತಿ ಆದ್ರೆ ತೊಟ್ಟು ಗೇಣುದ್ದ ಎದ್ದು ಎಲೆ ಅಗಲವಾಗಿ ತೆಳ್ಳಗಾಗುತ್ತೆ. ಚಟ್ನಿ ತಂಬುಳಿಗೆ ನನ್ನ ಕೇಳಿದ್ರೆ ಸ್ವಲ್ಪ ನೆರಳಲ್ಲಿ ಬೆಳೆದಿದ್ದೇ ಒಳ್ಳೇದು, ಎಳೆಯದಾಗಿ ಇರುತ್ತೆ.

ಎರಡನ್ನೂ ಒಂದೇ ಕಡೆ ಇಡಲೇಬೇಕು ಅಂದ್ರೆ ಒಂದು ದಾರಿ ಇದೆ. ಕರಿಬೇವಿನ ದೊಡ್ಡ ಕುಂಡದ ನೆರಳು ಬೀಳೋ ಬದಿಗೆ ಒಂದೆಲಗದ ಟಬ್ ಇಡಿ. ಆದ್ರೆ ಕರಿಬೇವಿನ ಕುಂಡದೊಳಗೇ ಬುಡಕ್ಕೆ ಒಂದೆಲಗ ಹಬ್ಬಿಸೋದು ಬೇಡ. ಫೋಟೋಗೆ ಚೆನ್ನಾಗಿ ಕಾಣುತ್ತೆ, ಆದ್ರೆ ಮೇಲಿನದ್ದಕ್ಕೆ ಒಣ ಮಣ್ಣು ಬೇಕು, ಕೆಳಗಿನದ್ದಕ್ಕೆ ಒದ್ದೆ ಬೇಕು, ಯಾರಿಗೆ ಅಂತ ನೀರು ಹಾಕ್ತೀರಾ?

ಗಿಡ ಆರಿಸೋವಾಗ ಮೋಸ ಹೋಗೋ ಜಾಗ

ಒಂದೆಲಗದಲ್ಲಿ ಮೋಸ ಹೋಗೋದು ಜಾಸ್ತಿ. ಇದನ್ನ ಬ್ರಾಹ್ಮಿ ಅಂತಾನೂ ಕರೀತಾರೆ, ಆದ್ರೆ ನರ್ಸರೀಲಿ "ಬ್ರಾಹ್ಮಿ" ಅಂತ ಕೇಳಿದ್ರೆ ಮೂರು ಬೇರೆ ಬೇರೆ ಗಿಡಗಳಲ್ಲಿ ಯಾವುದಾದ್ರೂ ಕೊಡೋ ಸಾಧ್ಯತೆ ಇದೆ. ಒಂದೆಲಗದ ಎಲೆ ದುಂಡಗಿರುತ್ತೆ, ಅಂಚಲ್ಲಿ ಸಣ್ಣ ಸಣ್ಣ ಕಚ್ಚು, ತೊಟ್ಟು ಬಂದು ಸೇರೋದು ಎಲೆಯ ಹಿಂಬದಿಯ ಸೀಳಿನ ಹತ್ರ. ನೀರು ಬ್ರಾಹ್ಮಿ ಅನ್ನೋದು ಬೇರೆ, ಅದಕ್ಕೆ ಕಡ್ಡಿಯ ಎರಡೂ ಬದಿ ಜೋಡಿ ಜೋಡಿಯಾಗಿ ಸಣ್ಣ ದಪ್ಪನೆಯ ಎಲೆ, ಬಿಳಿ ಅಥವಾ ತಿಳಿ ನೇರಳೆ ಹೂ, ಅದರಲ್ಲಿ ತಂಬುಳಿ ಮಾಡೋಕೆ ಹೋದ್ರೆ ಬಾಯಿಗಿಡೋಕೆ ಆಗದಷ್ಟು ಕಹಿ. ಮೂರನೇದು ಶೋಗೆ ಇಡೋ ಡಾಲರ್ ಗಿಡ, ಅದೂ ದುಂಡು ಎಲೆಯೇ, ನೋಡೋಕೆ ಒಂದೆಲಗದ ಅಕ್ಕನ ಹಾಗೆ. ಎಲೆ ತಿರುಗಿಸಿ ನೋಡಿ. ತೊಟ್ಟು ಎಲೆಯ ನಟ್ಟ ನಡುವೆ ಛತ್ರಿ ಕಡ್ಡಿ ಥರ ಸೇರಿದ್ರೆ ಅದು ಒಂದೆಲಗ ಅಲ್ಲ, ಅಡುಗೆಗೆ ತರಬೇಡಿ.

ಕರಿಬೇವಿಗೆ ಪರೀಕ್ಷೆ ಸುಲಭ, ಒಂದು ಎಲೆ ಕಿತ್ತು ತಿಕ್ಕಿ ಮೂಸಿ. ಎಲೆ ಎಷ್ಟು ದೊಡ್ಡದಾಗಿ ಹೊಳೀತಿದೆ ಅಂತ ನೋಡಬೇಡಿ, ಎಷ್ಟೋ ಸಲ ಚಿಕ್ಕೆಲೆಯ ಗಿಡಕ್ಕೇ ಘಮ ಜಾಸ್ತಿ. ತಳಿಯ ಹೆಸರು ಬೇಕು ಅನ್ನೋರಿಗೆ, ಧಾರವಾಡ ಕೃಷಿ ವಿಶ್ವವಿದ್ಯಾಲಯದಿಂದ ಬಂದ ಡಿಡಬ್ಲ್ಯುಡಿ-1, ಡಿಡಬ್ಲ್ಯುಡಿ-2 ಅಂತ ಎರಡು ತಳಿ ಇವೆ. ಮೊದಲನೇದಕ್ಕೆ ಚಳಿ ಅಂದ್ರೆ ಆಗಲ್ಲ, ಚಳಿಗಾಲದಲ್ಲಿ ಮೊಗ್ಗು ಮಲಗಿಬಿಡುತ್ತೆ, ಎರಡನೇದು ಚಳಿ ತಡ್ಕೊಳುತ್ತೆ. ಬೆಂಗಳೂರು, ಚಿಕ್ಕಮಗಳೂರು, ಕೊಡಗಿನ ಕಡೆಯವರು ಕೇಳಿ ತಗೊಳ್ಳೋದಾದ್ರೆ ಎರಡನೇದೇ ಕೇಳಿ.

ಇನ್ನೊಂದು ಮಾತು, ಇದನ್ನ ಎಷ್ಟು ಸಲ ಹೇಳಿದ್ರೂ ವೀಡಿಯೋ ನೋಡಿದೋರು ನಂಬಲ್ಲ. ಮಾರ್ಕೆಟಿಂದ ತಂದ ಕರಿಬೇವಿನ ಎಸಳನ್ನ ನೀರಿನ ಲೋಟದಲ್ಲಿ ಇಟ್ರೆ ಗಿಡ ಆಗಲ್ಲ. ಯಾಕಂದ್ರೆ ನಾವು ಕಡ್ಡಿ ಅಂದ್ಕೊಂಡಿರೋದು ಕಡ್ಡಿ ಅಲ್ಲ, ಇಡೀ ಎಸಳೇ ಒಂದು ಎಲೆ, ಅದರ ಮೇಲಿರೋ ಹದಿನೈದಿಪ್ಪತ್ತು ಚೂರುಗಳೆಲ್ಲ ಆ ಒಂದೇ ಎಲೆಯ ಭಾಗ. ಅದರಲ್ಲಿ ಚಿಗುರೊಡೆಯೋ ಕಣ್ಣೇ ಇರಲ್ಲ. ಅರಿಶಿನ ಹಚ್ಚಿ, ಜೇನುತುಪ್ಪ ಹಚ್ಚಿ, ಅಲೋವೆರಾದಲ್ಲಿ ಚುಚ್ಚಿ, ಏನೇ ಮಾಡಿದ್ರೂ ಕಣ್ಣಿಲ್ಲದ ಕಡೆ ಚಿಗುರು ಬರೋದು ಹೇಗೆ. ಕರಿಬೇವು ಬೇಕಂದ್ರೆ ಸುಲಭದ ದಾರಿ ಎರಡು. ದೊಡ್ಡ ಗಿಡದ ಬೇರಿಂದ ಪಕ್ಕದಲ್ಲಿ ಮರಿ ಎದ್ದಿರುತ್ತೆ, ಮಳೆ ಶುರುವಾದ ಮೇಲೆ ಅದನ್ನ ಸ್ವಲ್ಪ ಬೇರು ಸಮೇತ ಕಡಿದು ತಗೊಳ್ಳೋದು ಒಂದು. ಇಲ್ಲಾಂದ್ರೆ ಕಪ್ಪಗೆ ಹಣ್ಣಾದ ಬೀಜ. ಹಣ್ಣಿನ ತಿರುಳು ತೊಳೆದು ತೆಗೆದು ಅವತ್ತೇ ಅಥವಾ ಮಾರನೇ ದಿನ ಹಾಕಬೇಕು. ಒಣಗಿಸಿ ಡಬ್ಬಿಗೆ ಹಾಕಿಟ್ಟ ಬೀಜ ಹುಟ್ಟಲ್ಲ, ಇದರ ಬೀಜಕ್ಕೆ ಜೀವ ಬೇಗ ಹೋಗುತ್ತೆ. ತಾಜಾ ಬೀಜ ಆದ್ರೆ ಮೂರು ವಾರದ ಹೊತ್ತಿಗೆ ಮೊಳಕೆ ಕಾಣುತ್ತೆ.

ಅದೇ ಒಂದೆಲಗವನ್ನ ದುಡ್ಡು ಕೊಟ್ಟು ನರ್ಸರಿಯಿಂದ ತರೋದೇ ದಂಡ. ತರಕಾರಿ ಮಾರ್ಕೆಟಲ್ಲಿ ಕಟ್ಟು ಸಿಗುತ್ತಲ್ಲ, ಅದರಲ್ಲಿ ಹುಡುಕಿದ್ರೆ ಬೇರಿರೋ ಗಿಣ್ಣು ನಾಲ್ಕಾದ್ರೂ ಇರುತ್ತೆ. ಎಲೆ ಚಟ್ನಿಗೆ, ಗಿಣ್ಣು ಮಣ್ಣಿಗೆ. ಗೇಣು ಗೇಣು ದೂರಕ್ಕೆ ಊರಿ ಮಣ್ಣು ಒತ್ತಿ ಒಂದು ವಾರ ಪೂರ್ತಿ ನೆರಳಲ್ಲಿ ಇಟ್ರೆ ಹಿಡ್ಕೊಂಡುಬಿಡುತ್ತೆ.

ಕುಂಡ ಮತ್ತು ಮಣ್ಣು

ಕರಿಬೇವಿಗೆ ಆಳ, ಒಂದೆಲಗಕ್ಕೆ ಅಗಲ. ಇಷ್ಟು ನೆನಪಿಟ್ಕೊಂಡ್ರೆ ಅರ್ಧ ಕೆಲಸ ಆಯ್ತು.

ಕರಿಬೇವಿನ ಸಣ್ಣ ಗಿಡಕ್ಕೆ 12 ಇಂಚಿನ ಕುಂಡ ಸಾಕು, ಎರಡನೇ ವರ್ಷಕ್ಕೆ 16-18 ಇಂಚಿನದ್ದಕ್ಕೆ ಬದಲಾಯಿಸಿ, ಮೊದಲೇ ಡ್ರಮ್ಮಿಗೆ ಹಾಕಿದ್ರೆ ಸಣ್ಣ ಬೇರು ಕುಡಿಯದಷ್ಟು ನೀರು ಒಳಗೇ ನಿಂತಿರುತ್ತೆ. ಕೆಂಪು ಮಣ್ಣು ಎರಡು ಪಾಲು, ಮರಳು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಒಂದು ಪಾಲು, ಅದಕ್ಕೊಂದು ಹಿಡಿ ಬೇವಿನ ಹಿಂಡಿ. ಮರಳು ಸಿಗದಿದ್ರೆ ಎಂ-ಸ್ಯಾಂಡನ್ನ ಜರಡಿ ಹಿಡಿದು, ಹಿಟ್ಟಿನಂಥಾ ಪುಡಿ ತೆಗೆದು ಹಾಕಿ, ಆ ಪುಡಿ ಹಾಗೇ ಬಿಟ್ರೆ ನೀರು ಬಿದ್ದು ಸಿಮೆಂಟ್ ಥರ ಗಟ್ಟಿ ಆಗುತ್ತೆ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಜಾಸ್ತಿ ಹಾಕಬೇಡಿ, ನರ್ಸರಿಯವರು ಕುಂಡ ಹಗುರ ಆಗ್ಲಿ ಅಂತ ಹಾಕ್ತಾರೆ, ಗಿಡಕ್ಕೋಸ್ಕರ ಅಲ್ಲ. ಕುಂಡದ ತಳದಲ್ಲಿ ತೂತು ಒಂದಲ್ಲ, ನಾಲ್ಕಿರಲಿ.

ಒಂದೆಲಗಕ್ಕೆ 6 ಇಂಚು ಆಳ ಇದ್ರೆ ಧಾರಾಳ. ಹಳೇ ಪ್ಲಾಸ್ಟಿಕ್ ಬೇಸಿನ್, ಬಿರುಕು ಬಿಟ್ಟ ಟಬ್, ಹಣ್ಣಿನ ಅಂಗಡಿಯ ಥರ್ಮಾಕೋಲ್ ಬಾಕ್ಸ್, ಯಾವುದಾದ್ರೂ ಸರಿ, ಬಾಯಿ ಅಗಲ ಇರಬೇಕು, ಯಾಕಂದ್ರೆ ಅದು ಬೆಳೆಯೋದು ಅಡ್ಡಡ್ಡಕ್ಕೆ. ತೂತು ಒಂದೆರಡು ಸಾಕು, ಅದೂ ತಳದಲ್ಲಿ ಬೇಡ, ತಳದಿಂದ ಒಂದಿಂಚು ಮೇಲೆ ಪಕ್ಕದಲ್ಲಿ ಮಾಡಿದ್ರೆ ಕೆಳಗೆ ಸ್ವಲ್ಪ ನೀರು ಯಾವಾಗಲೂ ನಿಂತಿರುತ್ತೆ. ಮಣ್ಣು ಅಂಟಂಟಾಗಿ ಇದ್ರೇನೇ ಒಳ್ಳೇದು, ಗದ್ದೆ ಮಣ್ಣು, ಗೋಡು ಮಣ್ಣು, ಕರಿಬೇವಿಗೆ ಆಗದೇ ಉಳಿದ ಮಣ್ಣು, ಎಲ್ಲಾ ನಡೆಯುತ್ತೆ, ಅದಕ್ಕೆ ಎರೆಗೊಬ್ಬರ ಬೆರೆಸಿ. ಒಂದು ಎಚ್ಚರ, ಹಸಿ ಸಗಣಿ ನೀರು, ಹುಳಿಸಿದ ಸ್ಲರಿ ಇದಕ್ಕೆ ಬೇಡವೇ ಬೇಡ. ಈ ಸೊಪ್ಪನ್ನ ನಾವು ಬಹುಪಾಲು ಹಸಿಯಾಗೇ ತಿನ್ನೋದು, ಎಲೆ ನೆಲಕ್ಕೆ ತಾಗಿಕೊಂಡೇ ಇರುತ್ತೆ.

ನೀರು

ಕರಿಬೇವಿಗೆ ದಿನಾ ನೀರು ಬೇಡ. ಬೆರಳು ಎರಡು ಗಿಣ್ಣಷ್ಟು ಒಳಗೆ ತೂರಿಸಿ ನೋಡಿ, ಒಳಗೂ ಒಣಗಿದ್ರೆ ತಳದಿಂದ ನೀರು ಸುರಿಯೋವರೆಗೆ ಪೂರ್ತಿ ಹಾಕಿ, ಒದ್ದೆ ಇದ್ರೆ ಕೈ ತೊಳ್ಕೊಂಡು ಬನ್ನಿ. ಬೇಸಿಗೇಲಿ ಟೆರೇಸ್ ಮೇಲೆ ದಿನಾ ಬೇಕಾಗಬಹುದು, ಮಳೆಗಾಲದಲ್ಲಿ ವಾರಗಟ್ಟಲೆ ಬೇಡದೇ ಇರಬಹುದು, ಚಳಿಗಾಲದಲ್ಲಿ ಗಿಡ ಕುಡಿಯೋದೇ ಕಮ್ಮಿ. ಕುಂಡದ ಕೆಳಗೆ ತಟ್ಟೆ ಇಟ್ಟಿದ್ರೆ ಮಳೆಗಾಲಕ್ಕೆ ಆ ತಟ್ಟೆ ತೆಗೆದಿಡಿ. ದಿನಾ ಒಂದೊಂದು ಲೋಟ ಹಾಕೋ ಅಭ್ಯಾಸ ಎಲ್ಲಕ್ಕಿಂತ ಕೆಟ್ಟದ್ದು. ಮೇಲಿನ ಎರಡಿಂಚು ಮಾತ್ರ ಒದ್ದೆ ಆಗಿ ಕೆಳಗೆ ಬೇರಿಗೆ ತಲುಪೋದೇ ಇಲ್ಲ, ನೋಡೋರಿಗೆ ಮಾತ್ರ ನೀರು ಹಾಕಿದ ಹಾಗೆ ಕಾಣುತ್ತೆ.

ಒಂದೆಲಗಕ್ಕೆ ಬೆರಳಿನ ಪರೀಕ್ಷೆ ಬೇಕಿಲ್ಲ. ಮಣ್ಣು ಯಾವಾಗ ಮುಟ್ಟಿದ್ರೂ ಕೈಗೆ ಅಂಟಬೇಕು, ಅಷ್ಟೇ ಲೆಕ್ಕ. ಬೆಳಿಗ್ಗೆ ಒಂದು ಸಲ, ಏಪ್ರಿಲ್ ಮೇ ತಿಂಗಳಲ್ಲಿ ಸಂಜೆ ಇನ್ನೊಂದು ಸಲ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಧಾರಾಳವಾಗಿ ಹಾಕಿ. ಸೋಪು ಬಿದ್ದ ಪಾತ್ರೆ ನೀರು ಬೇಡ. ನೀರು ನಿಲ್ಲಿಸ್ತೀವಿ ಅಂದಮೇಲೆ ಸೊಳ್ಳೆ ವಿಷಯ ಬರುತ್ತೆ, ಮಣ್ಣಿನ ಮೇಲೆ ನೀರು ಕಾಣೋ ಹಾಗೆ ನಿಲ್ಲಬಾರದು, ಕೆಳಗೆ ತಟ್ಟೆ ಇದ್ರೆ ಎರಡು ಮೂರು ದಿನಕ್ಕೊಮ್ಮೆ ಚೆಲ್ಲಿ ಹೊಸ ನೀರು ಹಾಕಿ, ಡೆಂಗ್ಯೂ ಸೀಸನ್ನಲ್ಲಿ ಇದನ್ನ ಮರೀಬೇಡಿ.

ಮಜ್ಜಿಗೆ, ಹಳದಿ ಎಲೆ, ಹುಳ

ಕರಿಬೇವು ಅಂದ್ರೆ ಹುಳಿ ಮಜ್ಜಿಗೆ ಅಂತ ಎಲ್ಲರ ಬಾಯಲ್ಲೂ ಬರುತ್ತೆ. ಹಾಕಬಾರದು ಅಂತ ಹೇಳಲ್ಲ. ಒಂದು ಪಾಲು ಮಜ್ಜಿಗೆಗೆ ಹತ್ತು ಪಾಲು ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ ಬುಡಕ್ಕೆ ಹಾಕಿದ್ರೆ ತೊಂದರೆ ಇಲ್ಲ. ಆದ್ರೆ ಬಿಸಿಲಿಲ್ಲದ ಜಾಗದಲ್ಲಿ ಇಟ್ಟು, ತೂತು ಕಟ್ಟಿಕೊಂಡ ಕುಂಡಕ್ಕೆ ಲೀಟರ್‌ಗಟ್ಟಲೆ ಮಜ್ಜಿಗೆ ಸುರಿದು "ಚಿಗುರೇ ಬರ್ತಿಲ್ಲ" ಅಂದ್ರೆ ಮಜ್ಜಿಗೆ ಏನು ಮಾಡುತ್ತೆ, ಇರುವೆ ಬರುತ್ತೆ ಅಷ್ಟೇ. ಬುಡಕ್ಕೆ ವರ್ಷಕ್ಕೆ ಮೂರ್ನಾಲ್ಕು ಸಲ ಮಣ್ಣು ಕೆದಕಿ ಎರಡು ಹಿಡಿ ಎರೆಗೊಬ್ಬರ ಹಾಕೋದು ಮಜ್ಜಿಗೆಗಿಂತ ಮೇಲು.

ಎಲೆ ಹಳದಿ ಆದ್ರೆ ಯಾವ ಎಲೆ ಅಂತ ನೋಡಿ. ಕೆಳಗಿನ ಹಳೇ ಎಲೆ ಹಳದಿ ಆಗಿ ಉದುರಿದ್ರೆ ನೀರು ಹೆಚ್ಚಾಗಿರಬಹುದು, ಗೊಬ್ಬರ ಸಾಲದೇ ಇರಬಹುದು, ಡಿಸೆಂಬರ್ ಜನವರಿ ಆಗಿದ್ರೆ ಬರೀ ಚಳಿಯೂ ಇರಬಹುದು. ತುದಿಯ ಹೊಸ ಚಿಗುರು ಹಳದಿ, ನರ ಮಾತ್ರ ಹಸಿರು, ಹೀಗಿದ್ರೆ ಅದು ಕಬ್ಬಿಣದ ಕೊರತೆ, ಬೋರ್‌ವೆಲ್ಲಿನ ಗಡಸು ನೀರು ಹಾಕೋ ಮನೆಗಳಲ್ಲಿ ಇದು ಮಾಮೂಲು. ಮಣ್ಣಲ್ಲಿ ಕಬ್ಬಿಣ ಇದ್ರೂ ಸುಣ್ಣದಂಶ ಜಾಸ್ತಿ ಆದಾಗ ಬೇರು ಎಳ್ಕೊಳ್ಳೋಕೆ ಆಗಲ್ಲ. ಗೊಬ್ಬರದ ಅಂಗಡೀಲಿ ಚೀಲೇಟೆಡ್ ಐರನ್ ಅಂತ, ಬೇರು ಸುಲಭವಾಗಿ ಎಳ್ಕೊಳ್ಳೋ ರೂಪದ ಕಬ್ಬಿಣ ಸಿಗುತ್ತೆ, ಪ್ಯಾಕೆಟ್ ಮೇಲೆ ಬರೆದಷ್ಟೇ ಅಳತೆ ಹಾಕಿ. ಆಗಾಗ ಮಳೆ ನೀರು ಹಿಡಿದು ಹಾಕಿದ್ರೂ ಗೆಲುವಾಗುತ್ತೆ. ತುಕ್ಕು ಹಿಡಿದ ಮೊಳೆ ಹೂಳೋದರಿಂದ ಏನೂ ಆಗಲ್ಲ.

ಎಳೆ ಚಿಗುರೆಲ್ಲ ಒಂದೇ ರಾತ್ರೀಲಿ ಖಾಲಿ ಆಗಿದ್ರೆ ಅದು ಚಿಟ್ಟೆ ಮರಿ. ನಿಂಬೆ ಗಿಡಕ್ಕೆ ಬರೋ ಚಿಟ್ಟೆಯೇ ಇದಕ್ಕೂ ಮೊಟ್ಟೆ ಇಡುತ್ತೆ, ಒಂದೇ ಕುಟುಂಬ ಅಂತ ಅದಕ್ಕೆ ನಮಗಿಂತ ಚೆನ್ನಾಗಿ ಗೊತ್ತು. ಸಣ್ಣದಿದ್ದಾಗ ಹಕ್ಕಿ ಹಿಕ್ಕೆ ಬಿದ್ದ ಹಾಗೆ ಕಂದು ಬಿಳಿ ಬಣ್ಣ, ಎಷ್ಟೋ ಜನ ಹಿಕ್ಕೆ ಅಂದ್ಕೊಂಡೇ ಬಿಟ್ಟುಬಿಡ್ತಾರೆ, ದೊಡ್ಡದಾದ ಮೇಲೆ ಎಲೆ ಹಸಿರು. ಕಡ್ಡೀಲಿ ಮುಟ್ಟಿದ್ರೆ ತಲೆ ಹಿಂದಿಂದ ಕೆಂಪಗಿನ ಕವಲು ಕೊಂಬು ಹೊರಗೆ ಹಾಕಿ ಒಂಥರಾ ಘಾಟು ವಾಸನೆ ಬಿಡುತ್ತೆ. ಔಷಧಿ ಹೊಡೆಯೋ ಅಗತ್ಯ ಇಲ್ಲ, ಕೈಲಿ ತೆಗೆದು ದೊಡ್ಡ ನಿಂಬೆ ಗಿಡ ಇದ್ರೆ ಅಲ್ಲಿಗೆ ಟ್ರಾನ್ಸ್‌ಫರ್ ಮಾಡಿ. ಕಡ್ಡಿ ಮೇಲೆ ಕಂದು ಹುರುಪೆ ಥರ ಅಂಟಿಕೊಂಡು, ಜೊತೆಗೆ ಇರುವೆ ಓಡಾಡ್ತಾ, ಎಲೆ ಮೇಲೆ ಕಪ್ಪು ಮಸಿ ಕೂತಿದ್ರೆ ಅದು ಶಲ್ಕ ಕೀಟ, ಹಳೇ ಟೂತ್‌ಬ್ರಶ್‌ನಲ್ಲಿ ಉಜ್ಜಿ ತೆಗೆದು, ಲೀಟರಿಗೆ 5 ಎಂಎಲ್ ಬೇವಿನೆಣ್ಣೆ ಮತ್ತೆ ಎರಡು ಹನಿ ಸೋಪು ದ್ರವ ಹಾಕಿ ಸಂಜೆ ಹೊತ್ತು ಸಿಂಪಡಿಸಿ, ಆಮೇಲೆ ಒಂದು ವಾರ ಎಲೆ ಕೀಳಬೇಡಿ.

ಮನೇಲಿ ಬೆಳೆಯೋಕೆ ದೊಡ್ಡ ಕಾರಣವೇ ಅಂಗಡಿ ಕರಿಬೇವಿಗೆ ಹೊಡೆದಿರೋ ಔಷಧಿ. ಭಾರತದಿಂದ ಹೋಗೋ ಕರಿಬೇವನ್ನ ಯುರೋಪಿನವರು ಕೀಟನಾಶಕದ ಉಳಿಕೆಗೋಸ್ಕರ ಹೆಚ್ಚುವರಿ ತಪಾಸಣೆ ಪಟ್ಟೀಲಿ ಇಟ್ಟಿದ್ರು, ನಾವು ಇಲ್ಲಿ ತರಕಾರಿ ಜೊತೆ ಫ್ರೀಯಾಗಿ ಇಸ್ಕೊಂಡು ಒಂದು ಸಲ ನೀರಲ್ಲಿ ಅದ್ದಿ ಒಗ್ಗರಣೆಗೆ ಹಾಕ್ತೀವಿ.

ಒಂದೆಲಗಕ್ಕೆ ಹುಳದ ಕಾಟ ಕಮ್ಮಿ. ಮಳೆಗಾಲದಲ್ಲಿ ಬಸವನಹುಳು ಬರುತ್ತೆ, ರಾತ್ರಿ ಟಾರ್ಚ್ ಹಿಡಿದು ಹೆಕ್ಕಿ ಹಾಕೋದು. ಅದರ ನಿಜವಾದ ಸಮಸ್ಯೆ ಇಕ್ಕಟ್ಟು. ವರ್ಷ ಕಳೀತಿದ್ದ ಹಾಗೆ ಟಬ್ ತುಂಬಾ ಬೇರು ಹೆಣೆದುಕೊಂಡು ಎಲೆ ಸಣ್ಣ ಆಗ್ತಾ ಬರುತ್ತೆ. ಆಗ ಅರ್ಧ ಕಿತ್ತು ತೆಗೆದು ಹೊಸ ಮಣ್ಣು ತುಂಬಿ, ಕಿತ್ತಿದ್ದನ್ನ ಪಕ್ಕದ ಮನೆಯವರಿಗೆ ಕೊಡಿ.

ಕೀಳೋದಕ್ಕೂ ಒಂದು ಕ್ರಮ ಇದೆ

ಕರಿಬೇವಿನ ಗಿಡ ಮೊಣಕಾಲೆತ್ತರ ಬಂದಾಗ ತುದಿ ಚಿವುಟಿ. ಮನಸ್ಸು ಬರಲ್ಲ, ಆದ್ರೂ ಚಿವುಟಿ. ಚಿವುಟಿದ ಜಾಗದ ಕೆಳಗಿಂದ ಎರಡು ಮೂರು ಕವಲು ಬರುತ್ತೆ, ಅವು ಒಂದಡಿ ಬೆಳೆದ ಮೇಲೆ ಅವನ್ನೂ ಚಿವುಟಿ. ಹೀಗೆ ಮಾಡದೇ ಬಿಟ್ಟ ಗಿಡವೇ ಬಿದಿರು ಕೋಲಿನ ಥರ ಮೇಲೆ ಹೋಗೋದು. ಅಡುಗೆಗೆ ಬೇಕಾದಾಗ ಒಂದೊಂದೇ ಎಲೆ ಬಿಡಿಸಿಕೊಂಡು ಖಾಲಿ ಕಡ್ಡಿ ಗಿಡದಲ್ಲೇ ಬಿಡಬೇಡಿ, ಎಸಳನ್ನ ಬುಡದಿಂದಲೇ ಮುರೀರಿ. ಮೊದಲ ವರ್ಷ ಗಿಡಕ್ಕೆ ಎಲೆ ಬೇಕು, ನಿಮಗಲ್ಲ, ಅಂಗಡಿಯಿಂದ ತಂದು ಕಾಲ ಹಾಕಿ. ಬಿಳಿ ಹೂ ಗೊಂಚಲು ಬಂದ್ರೆ ಎಲೆ ಬೇಕಾದೋರು ಚಿವುಟಿ ತೆಗೀರಿ, ಬೀಜ ಬೇಕಾದೋರು ಬಿಡಿ. ಹಣ್ಣಾದ ಮೇಲೆ ಹಕ್ಕಿಗಳಿಗೂ ಪಾಲಿದೆ, ತಡ ಮಾಡಿದ್ರೆ ನಿಮಗೆ ಉಳಿಯಲ್ಲ.

ಒಂದೆಲಗ ನೆಟ್ಟು ಎರಡು ತಿಂಗಳಿಗೆಲ್ಲ ಕೊಯ್ಯೋಕೆ ಬರುತ್ತೆ. ಕೈಲಿ ಎಳೆದ್ರೆ ಗಿಣ್ಣು ಸಮೇತ ಬರುತ್ತೆ, ಕತ್ತರೀಲಿ ತೊಟ್ಟು ಕತ್ತರಿಸಿ. ಟಬ್ಬಿನ ಅರ್ಧ ಭಾಗ ಈ ವಾರ, ಇನ್ನರ್ಧ ಮುಂದಿನ ವಾರ, ಹೀಗೆ ಸರದಿ ಮಾಡಿದ್ರೆ ವರ್ಷ ಪೂರ್ತಿ ಸೊಪ್ಪು.

ಕಿತ್ತ ಮೇಲೂ ಎರಡರ ದಾರಿ ಬೇರೆ. ಕರಿಬೇವನ್ನ ತೊಳೆದು, ಬಟ್ಟೆ ಮೇಲೆ ಹರಡಿ ನೀರು ಪೂರ್ತಿ ಆರಿಸಿ, ಡಬ್ಬಿಗೆ ಬಟ್ಟೆ ಹಾಸಿ ಫ್ರಿಜ್ಜಲ್ಲಿ ಇಟ್ರೆ ಎರಡು ವಾರ ಆರಾಮಾಗಿ ಇರುತ್ತೆ. ಒಂದೆಲಗ ಎರಡನೇ ದಿನಕ್ಕೇ ಬಾಡುತ್ತೆ. ಬೆಳಿಗ್ಗೆ ಕಿತ್ತು ಮಧ್ಯಾಹ್ನ ಊಟಕ್ಕೆ ಮಾಡೋ ಸೊಪ್ಪು ಅದು.

ಅಡುಗೆಮನೇಲಿ

ಕರಿಬೇವಿನ ಘಮ ಬಿಡಿಸೋದು ಎಣ್ಣೆ, ಒಂದೆಲಗಕ್ಕೆ ಜಾಸ್ತಿ ಬೆಂಕಿ ತೋರಿಸಿದ್ರೆ ರುಚಿಯೇ ಹೋಗುತ್ತೆ. ಅದಕ್ಕೇ ಒಂದು ಒಗ್ಗರಣೆಗೆ, ಇನ್ನೊಂದು ತಂಬುಳಿಗೆ.

ತಂಬುಳಿ ಹೀಗೆ: ತೊಟ್ಟು ಸಮೇತ ಒಂದು ಹಿಡಿ ಒಂದೆಲಗ, ಉಪ್ಪು ನೀರಲ್ಲಿ ಐದು ನಿಮಿಷ ನೆನೆಸಿ ಎರಡು ಮೂರು ನೀರಲ್ಲಿ ತೊಳೀರಿ, ತೊಟ್ಟಿನ ಬುಡದಲ್ಲಿ ಮಣ್ಣು ಕೂತಿರುತ್ತೆ, ಅಲ್ಲಿ ಬೆರಳಲ್ಲಿ ಉಜ್ಜಿ. ಬಾಣಲೇಲಿ ಒಂದು ಚಮಚ ತುಪ್ಪ, ಅದಕ್ಕೆ ಒಂದು ಚಮಚ ಜೀರಿಗೆ, ಏಳೆಂಟು ಕಾಳುಮೆಣಸು, ಜೀರಿಗೆ ಬಣ್ಣ ತಿರುಗಿದಾಗ ಗ್ಯಾಸ್ ಆಫ್ ಮಾಡಿ ಸೊಪ್ಪು ಹಾಕಿ. ಬಾಣಲೆಯ ಬಿಸಿಗೇ ಬಾಡುತ್ತೆ, ಅಷ್ಟು ಸಾಕು. ಕೆಲವರು ಅದನ್ನೂ ಮಾಡದೇ ಪೂರ್ತಿ ಹಸಿಯಾಗೇ ರುಬ್ತಾರೆ, ಅದೂ ಸರಿಯೇ, ಸ್ವಲ್ಪ ಒಗರು ಇರುತ್ತೆ. ಅರ್ಧ ಬಟ್ಟಲು ತೆಂಗಿನ ತುರಿ ಜೊತೆ ನುಣ್ಣಗೆ ರುಬ್ಬಿ, ಒಂದೂವರೆ ಬಟ್ಟಲು ಹುಳಿಯಿಲ್ಲದ ಗಟ್ಟಿ ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕಿ. ಕುದಿಸಬೇಡಿ, ಕುದಿಸಿದ್ರೆ ಅದು ತಂಬುಳಿ ಅಲ್ಲ. ಕೊನೆಗೆ ಸಾಸಿವೆ, ಒಣಮೆಣಸು ಒಗ್ಗರಣೆ, ಅದಕ್ಕೊಂದು ಎಸಳು ಕರಿಬೇವು, ಎರಡು ಗಿಡಾನೂ ಸೇರೋದು ಇಲ್ಲೇ. ಬಿಸಿ ಅನ್ನಕ್ಕೆ ಮೊದಲ ತುತ್ತಿಗೆ ಕಲಸಿ ಉಣ್ಣಬೇಕು, ಸಾರು ಹುಳಿ ಎಲ್ಲ ಆಮೇಲೆ. ರಾತ್ರಿಗೆ ಎತ್ತಿಡಬೇಡಿ.

ಚಟ್ನಿಗೆ ಆದ್ರೆ ಉದ್ದಿನಬೇಳೆ, ಒಣಮೆಣಸು ಹುರಿದು, ಹುಣಸೆ, ತೆಂಗು, ಸೊಪ್ಪು ಸೇರಿಸಿ ರುಬ್ಬೋದು, ದೋಸೆಗೆ ಚೆನ್ನಾಗಿರುತ್ತೆ.

ಕರಿಬೇವನ್ನ ನಾವು ಒಗ್ಗರಣೆಗೆ ಹಾಕ್ತೀವಿ, ತಟ್ಟೆಗೆ ಬಂದಮೇಲೆ ಅಂಚಿಗೆ ತಳ್ತೀವಿ. ಕೆಲಸ ಮುಗಿದ ಮೇಲೆ ಕೈಬಿಟ್ಟೋರ ಬಗ್ಗೆ ಮಾತಾಡೋವಾಗ ಕರಿಬೇವಿನ ಹೆಸರು ಬರೋದು ಸುಮ್ನೆ ಅಲ್ಲ. ಹೊಟ್ಟೆಗೆ ಹೋಗಬೇಕು ಅಂದ್ರೆ ಚಟ್ನಿಪುಡಿ ಮಾಡಿ. ಮೂರು ಹಿಡಿ ಎಲೆಯನ್ನ ನೆರಳಲ್ಲಿ ಒಂದು ದಿನ ಒಣಗಿಸಿ, ಸಣ್ಣ ಉರೀಲಿ ಗರಿಗರಿ ಆಗೋವರೆಗೆ ಹುರೀರಿ, ಕೈಲಿ ಹಿಂಡಿದ್ರೆ ಪುಡಿ ಆಗಬೇಕು. ಅರ್ಧ ಬಟ್ಟಲು ಉದ್ದಿನಬೇಳೆ, ಕಾಲು ಬಟ್ಟಲು ಕಡಲೆಬೇಳೆ, ಹತ್ತು ಬ್ಯಾಡಗಿ ಮೆಣಸು ಬೇರೆ ಬೇರೆಯಾಗಿ ಹುರಿದು, ಅರ್ಧ ಬಟ್ಟಲು ಒಣಕೊಬ್ಬರಿ, ಸ್ವಲ್ಪ ಹುಣಸೆ, ಬೆಲ್ಲ, ಇಂಗು, ಉಪ್ಪು. ಎಲ್ಲಾ ಆರಿದ ಮೇಲೆ ತರಿತರಿಯಾಗಿ ಪುಡಿ ಮಾಡಿ. ಬಿಸಿಯಾಗಿರೋವಾಗ ಮಿಕ್ಸಿಗೆ ಹಾಕಿದ್ರೆ ಮುದ್ದೆ ಆಗುತ್ತೆ. ಬಿಸಿಲಲ್ಲಿ ಎಲೆ ಒಣಗಿಸಿದ್ರೆ ಬಣ್ಣಾನೂ ಹೋಗುತ್ತೆ ಘಮಾನೂ ಹೋಗುತ್ತೆ.

ತಲೆಗೆಣ್ಣೆ ಮಾಡೋರು ಕೊಬ್ಬರಿ ಎಣ್ಣೇಲಿ ಎಲೆಯ ಸಿಡಿತ ಪೂರ್ತಿ ನಿಲ್ಲೋವರೆಗೆ ಸಣ್ಣ ಉರೀಲಿ ಕಾಯಿಸಿ ಸೋಸಿ, ಎಲೆಯಲ್ಲಿ ನೀರಂಶ ಉಳಿದ್ರೆ ಎಣ್ಣೆ ಕೆಡುತ್ತೆ. ಒಂದೆಲಗವನ್ನೂ ಹೀಗೇ ಕಾಯಿಸ್ತಾರೆ. ಕೂದಲು ಮೃದು ಆಗುತ್ತೆ, ಘಮ ಚೆನ್ನಾಗಿರುತ್ತೆ, ಬೋಳಾದ ಜಾಗದಲ್ಲಿ ಕೂದಲು ಬರುತ್ತೆ ಅಂತ ನಾನಂತೂ ಹೇಳಲ್ಲ.

ಒಂದೆಲಗದ ಔಷಧಿ ವಿಷಯ ಬಂದಾಗ ಸ್ವಲ್ಪ ನಿಧಾನಿಸಬೇಕು. ಆಯುರ್ವೇದದ ಹಳೇ ಗ್ರಂಥ ಚರಕ ಸಂಹಿತೆ ಹೇಳೋ ನಾಲ್ಕು ಮೇಧ್ಯ ರಸಾಯನಗಳಲ್ಲಿ, ಅಂದ್ರೆ ಬುದ್ಧಿಗೆ ಅಂತ ಹೇಳಿದ ಔಷಧಿಗಳಲ್ಲಿ, ಮಂಡೂಕಪರ್ಣಿ ಒಂದು, ಅದು ಒಂದೆಲಗವೇ ಅಂತ ಸಾಮಾನ್ಯವಾಗಿ ತಗೊಳ್ತಾರೆ, ಬುದ್ಧಿಗೆ ಒಳ್ಳೇದು ಅನ್ನೋ ನಂಬಿಕೆ ಅಲ್ಲಿಂದ ಬಂದಿದ್ದು. ವಾರಕ್ಕೆ ಎರಡು ಸಲ ತಂಬುಳಿ ಮಾಡಿ ಉಣ್ಣೋದು ಊಟ. ದಿನಾ ಬೆಳಿಗ್ಗೆ ಲೋಟ ತುಂಬಾ ರಸ, ಅದರ ಮೇಲೆ ಕ್ಯಾಪ್ಸೂಲು ಅಂತ ತಿಂಗಳುಗಟ್ಟಲೆ ತಗೊಳ್ಳೋದು ಬೇರೆ ಕಥೆ. ಹಾಗೆ ತಗೊಂಡವರಲ್ಲಿ ಲಿವರಿಗೆ ತೊಂದರೆ ಆದ ಪ್ರಕರಣಗಳು ವೈದ್ಯಕೀಯದಲ್ಲಿ ದಾಖಲಾಗಿವೆ. ಲಿವರ್ ಸಮಸ್ಯೆ ಇರೋರು, ಬಸುರಿಯರು, ನಿದ್ದೆ ಮಾತ್ರೆ ತಗೊಳ್ಳೋರು ಡಾಕ್ಟರನ್ನ ಕೇಳದೇ ರಸ ಕುಡೀಬೇಡಿ. ಪರೀಕ್ಷೆ ಹಿಂದಿನ ದಿನ ಮಕ್ಕಳಿಗೆ ಕುಡಿಸೋರಿಗೆ ಹೇಳೋದೇನಿದೆ, ಓದಿದ್ರೆ ಮಾರ್ಕ್ಸ್ ಬರುತ್ತೆ. ಇನ್ನು ಚರಂಡಿ ಪಕ್ಕ, ಕೊಳಚೆ ನೀರು ಹರಿಯೋ ಕಡೆ ಹುಲುಸಾಗಿ ಬೆಳೆದಿದ್ದು ನೋಡಿ ಆಸೆಪಟ್ಟು ಕೀಳಬೇಡಿ, ಈ ಗಿಡ ನೀರು ಮಣ್ಣಿನ ಭಾರ ಲೋಹಗಳನ್ನೂ ಹೀರಿಕೊಳ್ಳುತ್ತೆ, ಮೇಲೆ ತೊಳೆದ್ರೆ ಅದು ಹೋಗಲ್ಲ.

ವಿದೇಶದಲ್ಲಿ ಇರೋರಿಗೆ, ಊರಿಗೆ ಹೋಗೋರಿಗೆ

ಅಮೆರಿಕದಲ್ಲಿರೋ ಮಗಳಿಗೆ ಅಂತ ಬ್ಯಾಗಲ್ಲಿ ಹಸಿ ಕರಿಬೇವು ಹಾಕ್ಕೊಂಡು ಹೋಗಬೇಡಿ, ಏರ್‌ಪೋರ್ಟಲ್ಲೇ ತೆಗೆದಿಡ್ತಾರೆ. ಕಿತ್ತಳೆ ತೋಟ ಹಾಳು ಮಾಡೋ ರೋಗ ಹರಡೋ ಒಂದು ಸಣ್ಣ ಕೀಟ ಕರಿಬೇವಿನ ಮೇಲೂ ಬದುಕುತ್ತೆ ಅನ್ನೋದೇ ಕಾರಣ. ಕ್ಯಾಲಿಫೋರ್ನಿಯಾ, ಫ್ಲೋರಿಡಾದಂಥ ಕಿತ್ತಳೆ ಬೆಳೆಯೋ ರಾಜ್ಯಗಳಲ್ಲಿ ಗಿಡ ಆ ಕಡೆ ಈ ಕಡೆ ಸಾಗಿಸೋಕೂ ನಿಯಮ ಇದೆ, ಅಲ್ಲಿನ ಲೈಸೆನ್ಸ್ ಇರೋ ನರ್ಸರಿಯಿಂದಲೇ ತಗೊಳ್ಳೋದು ಸೇಫ್. ಚಳಿ ದೇಶದಲ್ಲಿ ಕುಂಡದಲ್ಲೇ ಬೆಳೆಸಿ, ಚಳಿ ಶುರುವಾಗೋ ಮುಂಚೆ ಮನೆಯೊಳಗೆ ದಕ್ಷಿಣದ ಕಿಟಕಿ ಹತ್ರ ತಂದಿಡಿ, ಎಲೆ ಪೂರ್ತಿ ಉದುರಿದ್ರೂ ಕಡ್ಡಿ ಉಗುರಲ್ಲಿ ಕೆರೆದು ನೋಡಿ, ಒಳಗೆ ಹಸಿರಿದ್ರೆ ಜೀವ ಇದೆ, ನೀರು ತೀರಾ ಕಮ್ಮಿ ಮಾಡಿ ವಸಂತದವರೆಗೆ ಬಿಟ್ಟುಬಿಡಿ.

ಇಲ್ಲಿ ಇರೋರು ಒಂದು ವಾರ ಊರಿಗೆ ಹೋಗೋದಾದ್ರೆ ಕರಿಬೇವಿಗೆ ಹೊರಡೋ ದಿನ ಬೆಳಿಗ್ಗೆ ತಳದಿಂದ ಸುರಿಯೋ ಹಾಗೆ ನೀರು ಹಾಕಿ, ಬೇಸಿಗೆ ಆದ್ರೆ ಮಧ್ಯಾಹ್ನದ ಬಿಸಿಲು ತಪ್ಪೋ ಕಡೆ ಸರಿಸಿ, ಮಣ್ಣಿನ ಮೇಲೆ ಒಣಗಿದ ಎಲೆ ದಪ್ಪಕ್ಕೆ ಹಾಸಿ, ಆಯ್ತು. ಒಂದೆಲಗದ ಟಬ್ಬನ್ನ ಹಾಗೇ ಎತ್ತಿ ಬಚ್ಚಲಿನ ಕಿಟಕಿ ಕೆಳಗೆ, ಎರಡಿಂಚು ನೀರಿರೋ ಇನ್ನೊಂದು ದೊಡ್ಡ ಟಬ್ಬೊಳಗೆ ಕೂರಿಸಿ ಹೋಗಿ, ಕೆಳಗಿಂದಲೇ ನೀರು ಎಳ್ಕೊಳುತ್ತೆ. ಬಂದ ತಕ್ಷಣ ಆ ನೀರು ಚೆಲ್ಲಿ. ಅಕಸ್ಮಾತ್ ಒಣಗಿ ಕಂದು ಬಣ್ಣಕ್ಕೆ ತಿರುಗಿದ್ರೂ ಟಬ್ ಖಾಲಿ ಮಾಡೋಕೆ ಹೋಗಬೇಡಿ, ಒಣಗಿದ ಎಲೆ ಕತ್ತರಿಸಿ ನೆರಳಲ್ಲಿಟ್ಟು ನೀರು ಹಾಕ್ತಾ ಇರಿ, ಮಣ್ಣೊಳಗಿನ ಗಿಣ್ಣಲ್ಲಿ ಹಸಿ ಉಳಿದಿದ್ರೆ ಎರಡು ವಾರದೊಳಗೆ ಚಿಗುರುತ್ತೆ, ಅಷ್ಟರಲ್ಲೂ ಬರಲಿಲ್ಲ ಅಂದ್ರೆ ಮಾರ್ಕೆಟಿಂದ ಇನ್ನೊಂದು ಕಟ್ಟು ತನ್ನಿ.